ಹೊಸೂರು ಪಕ್ಕದ ತೊರಪಳ್ಳಿಯಿಂದ ಮುಖ್ಯಮಂತ್ರಿ ಕುರ್ಚಿವರೆಗೆ: ರಾಜಾಜಿ ನಮಗೂ ಯಾಕೆ ಗೊತ್ತಿರಬೇಕು?

ಬೆಂಗಳೂರಿನಿಂದ ಅತ್ತಿಬೆಲೆ ದಾಟಿದರೆ ಹೊಸೂರು. ಈಗ ಕೃಷ್ಣಗಿರಿ ಜಿಲ್ಲೆ, ತಮಿಳುನಾಡು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುವ ಊರು. ಕಾರ್ಖಾನೆ ಕೆಲಸಕ್ಕೆ, ವ್ಯಾಪಾರಕ್ಕೆ ಅಂತ ಅತ್ತ ಹೋಗಿಬರುವ ನಮ್ಮ ಯುವಕರಲ್ಲಿ ಎಷ್ಟು ಮಂದಿಗೆ ಗೊತ್ತೋ ಇಲ್ಲವೋ, ಸ್ವತಂತ್ರ ಭಾರತದ ಏಕೈಕ ಭಾರತೀಯ ಗವರ್ನರ್ ಜನರಲ್ ಹುಟ್ಟಿದ್ದು ಇದೇ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ಹೆಸರು ಚಕ್ರವರ್ತಿ ರಾಜಗೋಪಾಲಾಚಾರಿ, ಎಲ್ಲರ ಬಾಯಲ್ಲಿ ರಾಜಾಜಿ. ಹುಟ್ಟಿದ ದಿನ 1878ರ ಡಿಸೆಂಬರ್ 10. ಆ ಮನೆ ಈಗ ಸರಕಾರಿ ಸ್ಮಾರಕ.

ಇವರಿಗೂ ಬ್ಯಾರಿಗಳಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಇದ್ದದ್ದು ಮದ್ರಾಸ್ ಆಡಳಿತದಲ್ಲಿ. ರಾಜಾಜಿ ಎರಡು ಸಲ ಆ ಸರಕಾರ ನಡೆಸಿದಾಗ ನಮ್ಮ ಅಜ್ಜಂದಿರು ಅವರ ಪ್ರಜೆಗಳೇ.

ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಮದ್ರಾಸಿನಲ್ಲಿ ಕಾನೂನು. 1900ರಲ್ಲಿ ಸೇಲಂನಲ್ಲಿ ವಕೀಲಿಕೆ ಶುರು. ದೊಡ್ಡ ಫೀಸಿನ ವಕೀಲರಾದರೂ ಸಾರ್ವಜನಿಕ ಜೀವನ ಶುರುವಾದದ್ದು ಸೇಲಂ ಪುರಸಭೆಯಲ್ಲಿ. 1911ರಲ್ಲಿ ಸದಸ್ಯ, 1917ರಲ್ಲಿ ಅಧ್ಯಕ್ಷ. ಅಲ್ಲಿ ಮೊದಲ ದಲಿತ ಸದಸ್ಯ ಆಯ್ಕೆಯಾಗಿ ಬರಲು ಇವರೇ ಕಾರಣ. ಅಗ್ರಹಾರಕ್ಕೆ ನಲ್ಲಿ ನೀರು ಬಿಡುವ ಕೆಲಸಕ್ಕೆ ದಲಿತ ನೌಕರನನ್ನು ಹಾಕಿದಾಗ ಸ್ವಂತ ಜಾತಿಯವರೇ ಗದ್ದಲ ಎಬ್ಬಿಸಿದರು. ವಾರ್ಡು, ಪಂಚಾಯತ್ ಅಂದರೆ ಚಿಕ್ಕ ವಿಷಯ ಅಂತ ಮೂಗು ಮುರಿಯುವ ನಮ್ಮ ಹುಡುಗರು ಇದನ್ನು ಗಮನಿಸಬೇಕು.

ಆಮೇಲೆ ಗಾಂಧೀಜಿಯ ಕರೆಗೆ ವಕೀಲಿಕೆ ಬಿಟ್ಟರು. 1925ರಲ್ಲಿ ತಿರುಚೆಂಗೋಡು ಹತ್ತಿರ ಆಶ್ರಮ ಕಟ್ಟಿ ಖಾದಿ, ಅಸ್ಪೃಶ್ಯತೆ ನಿವಾರಣೆ, ಮದ್ಯಪಾನ ವಿರೋಧ ಅಂತ ಹಳ್ಳಿಗಳಲ್ಲಿ ಕೆಲಸ. ಕುಡಿತದ ವಿರುದ್ಧವೇ ಒಂದು ತಮಿಳು ಪತ್ರಿಕೆ ನಡೆಸಿದರು. 1930ರಲ್ಲಿ ವೇದಾರಣ್ಯಂ ಉಪ್ಪಿನ ಸತ್ಯಾಗ್ರಹ, ಜೈಲು.

1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದಾಗ (ಆಗ ಮುಖ್ಯಮಂತ್ರಿಯನ್ನು ಹಾಗೇ ಕರೆಯುತ್ತಿದ್ದರು) ಆಶ್ರಮದ ಕೆಲಸ ಕಾನೂನಾಯಿತು. ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ. ಹೊಸೂರು, ಕೃಷ್ಣಗಿರಿ ಆಗ ಸೇಲಂ ಜಿಲ್ಲೆಯಲ್ಲೇ ಇದ್ದವು. ಹೆಂಡದ ಆದಾಯ ಹೋದರೆ ಖಜಾನೆ ಹೇಗೆ ತುಂಬುವುದು? 1939ರಲ್ಲಿ ಮಾರಾಟ ತೆರಿಗೆ ತಂದರು. ಮದ್ಯ ನಿಲ್ಲಿಸಿದರೆ ಸರಕಾರ ನಡೆಯಲ್ಲ ಅನ್ನುವವರಿಗೆ ಅಂದೇ ಸಿಕ್ಕ ಉತ್ತರ ಇದು. 1938ರ ಸಾಲ ಪರಿಹಾರ ಕಾಯ್ದೆಯೂ ಇವರದೇ. ರೈತರ ಬಡ್ಡಿ ಹೊರೆ ಇಳಿಸಿತು.

ಹಾಗಂತ ಎಲ್ಲವೂ ಸರಿ ಇತ್ತಾ? ಇಲ್ಲ. ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದ್ದಕ್ಕೆ ಜನ ಬೀದಿಗಿಳಿದರು, ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು.

1952ರ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 375ರಲ್ಲಿ 152 ಸೀಟು ಮಾತ್ರ. ಚುನಾವಣೆಗೇ ನಿಲ್ಲದ ರಾಜಾಜಿಯನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ ಮುಖ್ಯಮಂತ್ರಿ ಮಾಡಿದರು. ಖಾಯಿದೆ ಮಿಲ್ಲತ್ ಇಸ್ಮಾಯಿಲ್ ಸಾಹೇಬರ ಮುಸ್ಲಿಂ ಲೀಗ್ ಕೂಡ ಬೆಂಬಲ ಕೊಟ್ಟಿತು. ಆದರೆ 1953ರಲ್ಲಿ ಅವರು ತಂದ ಶಿಕ್ಷಣ ಯೋಜನೆ ಎಲ್ಲ ಕೆಡಿಸಿತು. ಹಳ್ಳಿ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು. ವಿರೋಧಿಗಳು ಇದನ್ನು ‘ಕುಲ ಕಲ್ವಿ’, ಅಂದರೆ ಕುಲಕಸುಬಿನ ಕಲಿಕೆ ಅಂತ ಕರೆದರು. ಇದು ಗಟ್ಟಿಯಾಗಿ ನಿಂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಮೀನು ಹೊರುವವನ ಮಗ ಮೀನೇ ಹೊರಬೇಕು, ಬೀಡಿ ಕಟ್ಟುವ ಮನೆಯ ಮಗಳು ಬೀಡಿಯೇ ಕಟ್ಟಬೇಕು. ದಲಿತನ ಕೈಯಿಂದ ಅಗ್ರಹಾರಕ್ಕೆ ನೀರು ಬಿಡಿಸಿದ ಮನುಷ್ಯನಿಗೆ ಇದು ಹೊಳೆಯಲಿಲ್ಲ ಅನ್ನುವುದೇ ಆಶ್ಚರ್ಯ. 1954ರ ಏಪ್ರಿಲ್‌ನಲ್ಲಿ ಅವರು ಹುದ್ದೆ ಬಿಟ್ಟರು. ಬಂದ ಕಾಮರಾಜರು ಯೋಜನೆ ಕೈಬಿಟ್ಟರು.

1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. 1967ರಲ್ಲಿ ಡಿಎಂಕೆ ಮತ್ತು ಮುಸ್ಲಿಂ ಲೀಗ್ ಜೊತೆ ಸೇರಿ ಕಾಂಗ್ರೆಸನ್ನು ಸೋಲಿಸಿದರು. ಹಿಂದಿ ವಿಷಯದಲ್ಲೂ ಅಷ್ಟೊತ್ತಿಗೆ ಅವರ ನಿಲುವು ಬದಲಾಗಿತ್ತು. ಕಡ್ಡಾಯ ಹಿಂದಿಯನ್ನು ವಿರೋಧಿಸುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಬದಲಾಗಲಿಲ್ಲ. 1971ರಲ್ಲಿ ಕರುಣಾನಿಧಿ ಸರಕಾರ ಪಾನನಿಷೇಧ ತೆಗೆಯಲು ಹೊರಟಾಗ, 92ರ ಮುದುಕ ಮುಖ್ಯಮಂತ್ರಿ ಮನೆಗೇ ಹೋಗಿ ಬೇಡ ಅಂತ ಕೇಳಿಕೊಂಡರು. ಸರಕಾರ ಕೇಳಲಿಲ್ಲ. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. ಅಂಗಡಿಗಳನ್ನು ಮತ್ತೆ ಮುಚ್ಚಲು ಅದೇ ಸರಕಾರ ಹೊರಟದ್ದು ಆಮೇಲೆ.