“ನಮ್ಮ ದಾದಾಗೆ ಏನೂ ಆಗಲಿಲ್ಲ” ಎಂಬ ಮಾತು ಮತ್ತು ನಾವು ಕುಡಿಯುವ ನೀರು

“ನಮ್ಮ ದಾದಾ ಎಂಬತ್ತು ವರ್ಷ ಇದೇ ಊರಿನ ನೀರು ಕುಡಿದರು. ಅವರಿಗೆ ಏನೂ ಆಗಲಿಲ್ಲ. ನಾವೇಕೆ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹೊರಬೇಕು?” ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಇಂಥ ಮಾತು ಹೊಸದಲ್ಲ. ಪತ್ರಿಕೆಗಳಲ್ಲೂ ಇಂಥ ಬರಹಗಳು ಬರುತ್ತವೆ. ಯಾರೋ ಒಬ್ಬರು ಒಂದು ಕಷಾಯ ಕುಡಿದರಂತೆ, ಹತ್ತು ವರ್ಷದ ಮಂಡಿನೋವು ತಿಂಗಳಲ್ಲೇ ಹೋಯಿತಂತೆ. ಓದಲು ಚೆನ್ನಾಗಿರುತ್ತದೆ. ಆದರೆ ಅದನ್ನು ನಂಬಿ ಮಕ್ಕಳಿಗೆ ಕುಡಿಸುವ ನೀರನ್ನು ನಿರ್ಧರಿಸಬಹುದೇ?

ಮೊದಲು ನೀರಿನ ವಿಷಯ. ಈ ತಾಲೂಕುಗಳ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ನೆಲದಡಿಯ ಬಂಡೆಯಿಂದ ನೀರಿಗೆ ಕರಗಿ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದರೆ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಮಿತಿ ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಬೀಳುತ್ತದೆ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕುತ್ತಿಗೆ, ಸೊಂಟ, ಮಂಡಿ ಬಿಗಿಯುತ್ತವೆ. ಬಾಗಿದ ಮೂಳೆಯನ್ನು ಮತ್ತೆ ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಈಗ ದಾದಾ ಅವರ ಮಾತಿಗೆ ಬರೋಣ. ಅದು ಸುಳ್ಳೇ ಆಗಿರಬೇಕಿಲ್ಲ. ಆದರೆ ಅವರ ಕಾಲದಲ್ಲಿ ಕುಡಿಯುತ್ತಿದ್ದದ್ದು ತೆರೆದ ಬಾವಿಯ ನೀರಾಗಿರಬಹುದು. ನಾವು ಕುಡಿಯುತ್ತಿರುವುದು ನೂರಾರು ಅಡಿ ಆಳದ ನೀರು. ಊರು ಒಂದೇ ಆದರೂ ನೀರು ಒಂದೇ ಅಲ್ಲ. ಜೊತೆಗೆ, ಗಟ್ಟಿಯಾಗಿ ಎಂಬತ್ತು ದಾಟಿದವರ ಸುದ್ದಿ ಮನೆಮನೆಗೆ ಹೋಗುತ್ತದೆ. ಐವತ್ತಕ್ಕೇ ನಡುಬಾಗಿ ಮೂಲೆ ಸೇರಿದವರ ಸುದ್ದಿಯನ್ನು ಯಾರೂ ಹೇಳುತ್ತಾ ತಿರುಗುವುದಿಲ್ಲ.

ಕಷಾಯದ ಸುದ್ದಿಯೂ ಹೀಗೆಯೇ. ಮಂಡಿನೋವು ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ ಇರುತ್ತದೆ. ನೋವು ತೀರಾ ಹೆಚ್ಚಾದಾಗಲೇ ನಾವು ಹೊಸ ಔಷಧಿ ಹುಡುಕುತ್ತೇವೆ. ಆಮೇಲೆ ಅದು ತಾನಾಗಿ ಇಳಿದರೂ ಹೆಸರು ಔಷಧಿಗೆ ಬರುತ್ತದೆ.

ಕೆಲವು ಕಥೆಗಳು ಪೂರ್ತಿ ಕಟ್ಟುಕಥೆಗಳೇ ಆಗಿರುತ್ತವೆ. ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ 1980ರಲ್ಲಿ ಮಾದಕ ವ್ಯಸನಿಯಾದ ಎಂಟು ವರ್ಷದ ಹುಡುಗನೊಬ್ಬನ ಕಥೆ ಪ್ರಕಟಿಸಿತು. ಅದನ್ನು ಬರೆದ ಜಾನೆಟ್ ಕುಕ್ ಅವರಿಗೆ 1981ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಆದರೆ ಅಂಥ ಹುಡುಗನೇ ಇರಲಿಲ್ಲ. ಪ್ರಶಸ್ತಿಯನ್ನು ಹಿಂದಿರುಗಿಸಬೇಕಾಯಿತು. ದೊಡ್ಡ ಪತ್ರಿಕೆಯಲ್ಲಿ ಬಂತು ಎಂಬುದೊಂದೇ ಸಾಕ್ಷಿಯಾಗದು.

ಸುದ್ದಿಯನ್ನು ಪರಿಶೀಲಿಸುವುದು ನಮಗೆ ಹೊಸ ಪಾಠವೂ ಅಲ್ಲ. ನಂಬಲರ್ಹನಲ್ಲದವನು ಸುದ್ದಿ ತಂದರೆ ವಿಚಾರಿಸಿ ನೋಡಬೇಕೆಂದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ವಚನ ಕಲಿಸುತ್ತದೆ. ಹದೀಸ್ ವಿದ್ವಾಂಸರು ಯಾರು ಯಾರಿಂದ ಕೇಳಿದರು ಎಂಬ ಸನದನ್ನು ಒಂದೊಂದೇ ಕೊಂಡಿಯಾಗಿ ಪರೀಕ್ಷಿಸಿದರು. ಆರೋಗ್ಯದ ಸುದ್ದಿಗೂ ನಾಲ್ಕು ಪ್ರಶ್ನೆ ಕೇಳೋಣ. ಹೇಳಿದವರು ಕಣ್ಣಾರೆ ಕಂಡರೇ, ಕೇಳಿದ್ದೇ? ಆ ವ್ಯಕ್ತಿ ಯಾರು, ಯಾವ ಊರು? ಗುಣವಾಗದವರು ಎಷ್ಟು ಮಂದಿ? ಹೇಳುವವರಿಗೆ ಮಾರುವ ಸರಕು ಏನಾದರೂ ಇದೆಯೇ?

ಹಾಗೆಂದು ಜನರ ಅನುಭವವನ್ನು ತಳ್ಳಿಹಾಕಬಾರದು. ನೆರೆಯ ಆಂಧ್ರದ ನೆಲ್ಲೂರು ಭಾಗದ ಜನರ ಮೈನೋವು, ಬಿಗಿದ ಬೆನ್ನನ್ನು ವೈದ್ಯರು ಗಮನಿಸಿ ಪರೀಕ್ಷಿಸಿದ್ದರಿಂದಲೇ 1937ರಲ್ಲಿ ಅಲ್ಲಿನ ಫ್ಲೋರೋಸಿಸ್ ವರದಿ ಹೊರಬಂತು. ಅನುಭವ ಕೇಳಿದ ಮೇಲೆ ಅಳೆದು ನೋಡಬೇಕು.

ನೀರನ್ನು ಅಳೆಯುವುದು ಕಷ್ಟವಲ್ಲ. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಇಲ್ಲ, ಆದ್ದರಿಂದ ಪರೀಕ್ಷೆಯೇ ದಾರಿ. ಗ್ರಾಮ ಪಂಚಾಯಿತಿಯಲ್ಲಿ ಅಥವಾ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯಲ್ಲಿ ವಿಚಾರಿಸಿ, ನಿಮ್ಮ ನೀರನ್ನು ಪರೀಕ್ಷೆ ಮಾಡಿಸಿ. ಮಸೀದಿ, ಮದರಸಾದ ಕೊಳವೆ ಬಾವಿಯನ್ನೂ ಮರೆಯಬೇಡಿ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಸರಿಯಾಗಿ ನಿರ್ವಹಿಸಿದ ಆರ್.ಓ. ಘಟಕದ ನೀರು ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಫ್ಲೋರೈಡ್ ಹೊಟ್ಟೆಗೆ ಹೋದರೆ ಮಾತ್ರ ಹಾನಿ. ಆದ್ದರಿಂದ ವುಝೂ, ಸ್ನಾನ, ಬಟ್ಟೆ ಒಗೆಯಲು ಕೊಳವೆ ಬಾವಿಯ ನೀರು ಸಾಕು. ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರು ಬಳಸಿ. ಚಹಾ ಎಲೆಯಲ್ಲೂ ಫ್ಲೋರೈಡ್ ಇರುವುದರಿಂದ ಮಕ್ಕಳಿಗೆ ಕಡು ಚಹಾದ ಬದಲು ಹಾಲು, ರಾಗಿ, ನೆಲ್ಲಿಕಾಯಿ ಕೊಡಿ.

ದಾದಾ ಅವರ ಮೇಲಿನ ಗೌರವ ಹಾಗೇ ಇರಲಿ. ಮೊಮ್ಮಕ್ಕಳ ಲೋಟಕ್ಕೆ ಮಾತ್ರ ಪರೀಕ್ಷೆ ಮಾಡಿಸಿದ ನೀರು ಬೀಳಲಿ.