ಹಲ್ಲಿಗೆ ಹೊದಿಕೆ ಹಾಕಿಸುವ ಮುನ್ನ

ಲಗ್ನದ ಹಂಗಾಮಿನಲ್ಲಿ ನಿಪ್ಪಾಣಿ ಕಡೆಯ ತಾಯಿಯೊಬ್ಬರು ಮಗಳೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದರು. "ಲಗ್ನ ಇನ್ನ ಇಪ್ಪತ್ತ ದಿನ ಐತ್ರಿ ಡಾಕ್ಟರ್ ಸಾಹೇಬ್ರ, ಹಲ್ಲಿಗಿ ಬಿಳಿ ಹೊದಿಕಿ ಹಾಕತಾರಂತ, ಹಾಕಸೂಣೇನ್ರಿ?" ಎಂದರು. ಅವರು ಕೇಳಿದ್ದು ವೆನೀರ್ ಕುರಿತು.

ವೆನೀರ್ ಎಂದರೆ ಪಿಂಗಾಣಿ ಅಥವಾ ಕಾಂಪೋಸಿಟ್ ಎಂಬ ದ್ರವ್ಯದ ತೆಳುಪದರ. ಹಲ್ಲಿನ ಮುಂಭಾಗಕ್ಕೆ ಅಂಟಿಸುತ್ತಾರೆ. 1928ರ ಸುಮಾರಿಗೆ ಅಮೆರಿಕದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಇದನ್ನು ಚಲನಚಿತ್ರ ನಟರಿಗಾಗಿ ರೂಪಿಸಿದರು. ಅಂದಿನದು ಚಿತ್ರೀಕರಣ ಮುಗಿದೊಡನೆ ತೆಗೆದಿಡುವಂಥದು. ಇಂದಿನದು ಹಾಗಲ್ಲ. ಅದನ್ನು ಕೂಡಿಸಲು ಸಾಮಾನ್ಯವಾಗಿ ಹಲ್ಲಿನ ಎನಾಮೆಲ್ ಎಂಬ ಹೊರಗವಚವನ್ನು ಸುಮಾರು ಅರ್ಧ ಮಿಲಿಮೀಟರ್ ಉಜ್ಜಿ ತೆಗೆಯಬೇಕು. ಎಲುಬು ಮುರಿದರೆ ಕೂಡುತ್ತದೆ, ಎನಾಮೆಲ್ ಮತ್ತೆ ಬೆಳೆಯದು. ಪಿಂಗಾಣಿಯ ಪದರವೂ ಸಾಮಾನ್ಯವಾಗಿ 10–15 ವರ್ಷ ಬಾಳುವಂಥದು. ಇಪ್ಪತ್ತೆರಡರ ವಧು ಜೀವಮಾನದಲ್ಲಿ ಎಷ್ಟು ಸಲ ಹೊಸದು ಹಾಕಿಸಬೇಕಾದೀತು, ಲೆಕ್ಕ ಹಾಕಿರಿ.

ಆ ಹುಡುಗಿಯ ಹಲ್ಲಿನ ಕಪ್ಪಿಗೆ ಕಾರಣ ಮಶೇರಿ. ತಂಬಾಕನ್ನು ಹೆಂಚಿನ ಮೇಲೆ ಕರಕಾಗಿ ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ರೂಢಿ ತಂಬಾಕಿನ ಸೀಮೆಯಾದ ನಮ್ಮವರಿಗೆ ಹೊಸದಲ್ಲ. ಸುಶ್ರುತಾಚಾರ್ಯರು ಹಲ್ಲಿಗೆ ಹತ್ತಿದ ಕಿಟ್ಟವನ್ನು ದಂತಶರ್ಕರಾ ಎಂದೂ, ಹಲ್ಲೇ ಕಪ್ಪಾಗುವುದನ್ನು ಶ್ಯಾವದಂತ ಎಂದೂ ಬೇರ್ಪಡಿಸಿದ್ದಾರೆ. ಮೊದಲನೆಯದನ್ನು ದಂತಮೂಲಕ್ಕೆ ನೋವಾಗದಂತೆ ಕೆರೆದು ತೆಗೆಯಲು ಹೇಳಿದರು. ಎರಡನೆಯದನ್ನು ಅಸಾಧ್ಯವೆಂದು ಬಿಟ್ಟರು. ಇಂದು ವೆನೀರಿಗೆ ನಿಜವಾದ ಕೆಲಸವಿರುವುದು ಈ ಎರಡನೆಯ ಬಗೆಯಲ್ಲಿಯೇ: ಬಾಲ್ಯದಲ್ಲಿ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಅಥವಾ ಟೆಟ್ರಾಸೈಕ್ಲಿನ್ ಔಷಧ ಸೇವಿಸಿ ಒಳಗಿನಿಂದಲೇ ಬಣ್ಣಗೆಟ್ಟ ಹಲ್ಲು, ಅಂಚು ಮುರಿದ ಹಲ್ಲು. ಇದನ್ನು ನಾನು ಆಯುರ್ವೇದದ ಸೋಲೆಂದು ಭಾವಿಸುವುದಿಲ್ಲ.

ಹುಡುಗಿಯದು ಮೊದಲ ಬಗೆ. ದಂತವೈದ್ಯರಲ್ಲಿಗೆ ಕಳುಹಿಸಿದೆ, ಎರಡು ಸಲದ ಶುಚಿಯಿಂದಲೇ ಹಲ್ಲು ಬೆಳ್ಳಗಾದವು. ಇಟ್ಟಂಗಿ ಪುಡಿ, ಇದ್ದಿಲು ತಿಕ್ಕಬೇಡವೆಂದೂ, ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಬೇಕೆಂದೂ ಹೇಳಿದೆ.

ನನಗೆ ಚಿಂತೆಯಾದದ್ದು ತಾಯಿಯ ಬಾಯಿ. ಮಾತಾಡುವಾಗ ಕೆಳದುಟಿಯ ಒಳಗೆ ಬಿಳಿಯ ಮಚ್ಚೆ ಕಂಡಿತು, ಒರೆಸಿದರೂ ಹೋಗಲಿಲ್ಲ. ಇಂಥ ಮಚ್ಚೆ ನೋಯುವುದಿಲ್ಲ, ಆದ್ದರಿಂದಲೇ ಯಾರೂ ತೋರಿಸುವುದಿಲ್ಲ. ಕೆಲವು ಮುಂದೆ ಅರ್ಬುದವಾಗುತ್ತವೆ. ಲಗ್ನ ಮುಗಿಯಲಿ ಎಂದರು. ಒಪ್ಪಲಿಲ್ಲ. ಮರುವಾರವೇ ಬೆಳಗಾವಿಗೆ ಹೋಗಿ ತುಣುಕು ತೆಗೆಸಿ ಪರೀಕ್ಷಿಸಿದರು. ಅರ್ಬುದವಿರಲಿಲ್ಲ, ಆದರೆ ಮಶೇರಿ ಬಿಡಲೇಬೇಕು, ಆರು ತಿಂಗಳಿಗೊಮ್ಮೆ ಬರಲೇಬೇಕು ಎಂದು ಅಲ್ಲಿ ಹೇಳಿದ್ದಾರೆ.

ಈಗ ಬಿಟ್ಟಿದ್ದಾರೆ. ಡಬ್ಬಿ ಮಾತ್ರ ಮನೆಯಲ್ಲಿಯೇ ಇದೆಯಂತೆ, ಅತ್ತೆಯವರಿಗೆ ಬೇಕೆಂದು. ಮುಂದಿನ ಸಲ ಅತ್ತೆಯವರನ್ನೂ ಕರೆತರಲು ಹೇಳಿದ್ದೇನೆ.