ಒಡಲು ನಮ್ಮದು, ಉಸಿರು ಪರರದು

ಸನ್ನತಿಯಿಂದ ವಾಡಿಯವರೆಗಿನ ನಮ್ಮ ಸೀಮೆಯು ಸುಣ್ಣಗಲ್ಲಿನದು. ಆ ಕಲ್ಲಿನಲ್ಲಿಯೇ ಪೂರ್ವಿಕರು ಭೀಮಾತೀರದ ಕನಗನಹಳ್ಳಿಯಲ್ಲಿ ಅಶೋಕ ಮಹಾರಾಜನ ರೂಪವನ್ನು ಕಡೆದರು. ಆ ಕಲ್ಲನ್ನೇ ಇಂದು ವಾಡಿ, ಸೇಡಂಗಳ ಕಾರ್ಖಾನೆಗಳು ಸಿಮೆಂಟಾಗಿಸುತ್ತಿವೆ. ಅಲ್ಲಿಯ ಕಿಲ್ನ್ ಎಂಬ ತಿರುಗುವ ಕುಲುಮೆಯನ್ನು ಕಂಡ ವಾಚಕರು ಒಂದು ಮಾತನ್ನು ಬಲ್ಲರು. ಅದರ ಕೆಳಗಣ ಉರುಳೆ ಕೆಟ್ಟರೆ ಕುಲುಮೆಯನ್ನು ನಿಲ್ಲಿಸಿ ದುರಸ್ತು ಮಾಡಬಹುದು. ಆಕಾಶದಲ್ಲಿ ಹಾರುವ ಯಂತ್ರಕ್ಕೆ ಈ ಅನುಕೂಲವಿಲ್ಲ. ಆದುದರಿಂದಲೇ ವಿಮಾನ ನಿರ್ಮಾಣದ ಮುಖಂಡತ್ವವು ಇಂಜಿನಿಯರರ ಹೊಣೆಗಳಲ್ಲೆಲ್ಲ ಕಠಿಣವಾದುದು.

2019ರ ನವೆಂಬರ್ 22ರಂದು ಕಲಬುರಗಿಯ ವಿಮಾನನಿಲ್ದಾಣವು ತೆರೆದಂದಿನಿಂದ ನಮ್ಮಲ್ಲಿ ವಿಮಾನವನ್ನು ಏರುವ ಮಾತು ಹೆಚ್ಚಿತು. ಅದನ್ನು ಕಟ್ಟುವ ಮಾತನ್ನೂ ಸ್ವಲ್ಪ ಆಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರ ಉದ್ಯಮದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ಹುಟ್ಟಿತು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಆಚಾರ್ಯ ಪ್ರಾಂಟ್ಲರ ಬಳಿ ಕಲಿತ ವಿಷ್ಣು ಮಾಧವ ಘಾಟಗೆಯವರು ಅಲ್ಲಿ ವಿಮಾನರಚನೆಯ ಮುಖಂಡರಾದರು. ಮೊದಲಿಗೆ ಅವರು ಆರಿಸಿಕೊಂಡದ್ದು ಯುದ್ಧವಿಮಾನವನ್ನಲ್ಲ. ಕಲಿಯುವವನೂ ಕಲಿಸುವವನೂ ಕೂಡುವ ಎಚ್.ಟಿ.-2 ಎಂಬ ಸಣ್ಣ ವಿಮಾನವನ್ನು. 1951ರ ಆಗಸ್ಟಿನಲ್ಲಿ ಅದು ಹಾರಿತು. ತನ್ನ ಪಡೆಯ ಶಕ್ತಿಯನ್ನು ಅಳೆದು ಗುರಿಯನ್ನು ನಿಶ್ಚಯಿಸುವುದೇ ನಾಯಕನ ಮೊದಲ ಗುಣವೆಂಬುದಕ್ಕೆ ಇದು ಸಾಕ್ಷಿ.

ಬಳಿಕ ಎಣಿಕೆ ದೊಡ್ಡದಾಯಿತು. 1956ರಲ್ಲಿ ಜರ್ಮನ್ ಶಿಲ್ಪಿ ಕುರ್ಟ್ ಟ್ಯಾಂಕರು ಸಹಚರರೊಡನೆ ಬೆಂಗಳೂರಿಗೆ ಬಂದು, ನಮ್ಮ ಇಂಜಿನಿಯರರನ್ನು ಕೂಡಿಸಿಕೊಂಡು ‘ಮಾರುತ’ವೆಂಬ ಯುದ್ಧವಿಮಾನವನ್ನು ರಚಿಸಿದರು. 1961ರ ಜೂನ್ 17ರಂದು ಸುರಂಜನ ದಾಸರು ಅದನ್ನು ಹಾರಿಸಿದರು. ಶಬ್ದದ ಇಮ್ಮಡಿ ವೇಗವನ್ನು ಅದರಿಂದ ಬಯಸಿದ್ದರು. ಆದರೆ ಅದಕ್ಕೆಂದು ನಂಬಿದ ಬ್ರಿಟಿಷ್ ಎಂಜಿನ್ ಸಿದ್ಧವಾಗಲೇ ಇಲ್ಲ. ಅದರ ಬೆಳವಣಿಗೆಗೆ ಹಣವನ್ನು ಕೊಡಲು ನಮ್ಮ ಸರ್ಕಾರವೂ ಒಪ್ಪಲಿಲ್ಲ. ದೊರೆತ ಸಣ್ಣ ಆರ್ಫಿಯಸ್ ಎಂಜಿನ್ನುಗಳೆರಡನ್ನು ತೊಡಿಸಲು, ಸುಂದರವಾದ ಆ ಒಡಲು ಶಬ್ದವೇಗದ ಆಸುಪಾಸಿನಲ್ಲಿಯೇ ನಿಂತಿತು. ಅದರ ಬಲವನ್ನು ಹೆಚ್ಚಿಸುವ ಯತ್ನ ನಡೆದಿರಲು, 1970ರ ಜನವರಿ 10ರಂದು ಪರೀಕ್ಷಾ ಹಾರಾಟದಲ್ಲಿ ದಾಸರು ಪ್ರಾಣವನ್ನೇ ತೆತ್ತರು. 147 ಮಾರುತಗಳು ಸಿದ್ಧವಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮೆಚ್ಚುವಂತೆ ದುಡಿದವು, 1990ರಲ್ಲಿ ನಿವೃತ್ತವಾದವು.

ಈ ಪಾಠವನ್ನು ನಾವು ಕಲಿತೆವೇ? ಕೋಟಾ ಹರಿನಾರಾಯಣರ ನೇತೃತ್ವದಲ್ಲಿ ರೂಪುಗೊಂಡ ತೇಜಸ್ 2001ರ ಜನವರಿ 4ರಂದು ಹಾರಿದಾಗ ದೇಶವೆಲ್ಲ ಹಿಗ್ಗಿತು; ಹಿಗ್ಗಬೇಕಾದದ್ದೇ. ಆದರೆ ಅದರ ಎಂಜಿನ್ ಅಮೆರಿಕೆಯದು. ಅದಕ್ಕಾಗಿಯೇ 1989ರಲ್ಲಿ ಮಂಜೂರಾದ ನಮ್ಮ ‘ಕಾವೇರಿ’ ಎಂಜಿನ್ನನ್ನು 2008ರಲ್ಲಿ ತೇಜಸ್ಸಿನಿಂದ ಬೇರ್ಪಡಿಸಬೇಕಾಯಿತು.

ಇದರಲ್ಲಿ ಇಂಜಿನಿಯರರನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಕಾದ ಅನಿಲದ ಬೇಗೆಯಲ್ಲಿ ಬಿಡುವಿಲ್ಲದೆ ಸುತ್ತುವ ಟರ್ಬೈನಿನ ಅಲಗಿಗೆ ತಕ್ಕ ಲೋಹವು ಸರ್ಕಾರದ ಒಂದು ಆಜ್ಞೆಯಿಂದ ಹುಟ್ಟದು. ಹತ್ತಾರು ವರುಷ ಮಾಡಿ, ಮುರಿದು, ಪರೀಕ್ಷಿಸಿ ಮತ್ತೆ ಮಾಡಬೇಕು. ಎಂಜಿನ್ನನ್ನು ವಿಮಾನದ ಬಾಲಕ್ಕೆ ಕಟ್ಟಿ, ವಿಮಾನದ ಅವಸರದಲ್ಲಿ ಅದನ್ನು ಓಡಿಸಿದ್ದೇ ನಮ್ಮ ದೊಡ್ಡ ದೋಷ. ಒಡಲಿಗಿಂತ ಮೊದಲು ಉಸಿರಿನ ಕೆಲಸವನ್ನು ಹಿಡಿಯಬೇಕು. ವಿಮಾನವೊಂದು ಮಂಜೂರಾಗಲಿ ಬಿಡಲಿ, ಅದಕ್ಕೆ ಹಣವು ತಡೆಯಿಲ್ಲದೆ ಹರಿಯಬೇಕು.

ಶಹಾಬಾದ, ಚಿತ್ತಾಪುರ, ಚಿಂಚೋಳಿಗಳ ಮಕ್ಕಳು ಕಲಬುರಗಿಯಲ್ಲಿ ಯಂತ್ರಶಾಸ್ತ್ರವನ್ನು ಓದಿ ಬೆಂಗಳೂರಿನ ಹಾದಿ ಹಿಡಿಯುತ್ತಾರೆ. ಅವರ ಕಾಲೇಜುಗಳಲ್ಲಿ ಲೋಹವನ್ನು ಕಾಯಿಸಿ, ಎಳೆದು, ಮುರಿದು ನೋಡುವ ಪ್ರಯೋಗಶಾಲೆಗಳು ಸಮೃದ್ಧವಾಗಲಿ. ನಾಳೆ ಅವರಲ್ಲೊಬ್ಬನು ಎಂಜಿನ್ ಪಡೆಯ ಮುಖಂಡನಾದಾಗ ಅವನಿಗೆ ಬೇಕಾಗುವುದು ಹಾರವಲ್ಲ, ಅವಕಾಶ. ಅದನ್ನು ಕೊಡುವ ತಾಳ್ಮೆಯು ದಿಲ್ಲಿಯಲ್ಲಿ ಇದೆಯೇ ಎಂಬುದನ್ನು ನಮ್ಮ ಪ್ರತಿನಿಧಿಗಳು ಕೇಳಬೇಕು, ಉತ್ತರ ಬರುವವರೆಗೂ ಕೇಳಬೇಕು.